ಎಡಗಡೆ ರೇಡಿಯೇಶನ್‌ಗೆ ಹೋಗೋರು ಕೈ ಮತ್ತೆ ಉಸಿರು ಮೊದಲೇ ರೂಢಿ ಮಾಡ್ಕೊಳ್ಳಿ

ಎಡ ಸ್ತನದ ಕ್ಯಾನ್ಸರ್ ಆಪರೇಶನ್ ಆಗಿ ಗಾಯ ಒಣಗ್ತಿರುವಾಗ್ಲೇ ಫಿಸಿಯೋ ಮೇಡಂ ಹೇಳಿದ್ರು, ರೇಡಿಯೇಶನ್ ಕೊಡುವಾಗ ಕೈ ತಲೆ ಮೇಲೆತ್ತಿ ಅಲ್ಲಾಡ್ದೆ ಮಲಗ್ಬೇಕು, ಈಗಿಂದಾನೇ ಶುರು ಮಾಡಿ ಅಂತ. ಗೋಣಿಕೊಪ್ಪಕ್ಕೆ ಬಂದ ಮೇಲೆ ದಿನಾ ಗೋಡೆ ಮುಂದೆ ನಿಂತು ಬೆರಳುಗಳನ್ನ ಮೆಲ್ಲಗೆ ಮೇಲೆ ಹತ್ತಿಸ್ತಿದ್ದೆ, ಎಲ್ಲಿಗೆ ಮುಟ್ತೋ ಅಲ್ಲಿ ಪೆನ್ಸಿಲ್ ಗೆರೆ, ನಾಳೆ ಅದಕ್ಕಿಂತ ಒಂಚೂರು ಮೇಲೆ. ಕಂಕುಳ ಹತ್ರ ಹಗ್ಗ ಬಿಗಿದ ಹಾಗೆ ಎಳೀತಿತ್ತು, ಆದ್ರೂ ಬಿಡ್ಲಿಲ್ಲ, ಯಾಕಂದ್ರೆ ಕೈ ಮೇಲೆ ಹೋಗದಿದ್ರೆ ರೇಡಿಯೇಶನ್ ಎಲ್ಲಿ ಬೀಳ್ಬೇಕು ಅಂತ ಗುರುತಿಸೋ ಪ್ಲಾನಿಂಗ್ ಸಿಟಿ ಸ್ಕ್ಯಾನೇ ಮುಂದಕ್ಕೆ ಹೋಗ್ಬಹುದು.

ಟ್ರೀಟ್‌ಮೆಂಟ್ ಮೈಸೂರಲ್ಲಿ. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಇರತ್ತೆ, ತಿತಿಮತಿ ಹುಣಸೂರು ದಾಟಿ ದಿನಾ ಹೋಗಿ ಬಂದ್ರೆ ಮೈ ತಡೆಯಲ್ಲ ಅಂತ ನಾದಿನಿ ಮನೇಲೇ ಉಳ್ಕೊಂಡೆ, ಶುಕ್ರವಾರ ಸಂಜೆ ಊರಿಗೆ. ಕಾರಲ್ಲಿ ಸೀಟ್ ಬೆಲ್ಟ್ ಉಜ್ಜದ ಹಾಗೆ ಎದೆಗೆ ಒಂದು ಸಣ್ಣ ದಿಂಬು. ಈಗ ತುಂಬಾ ಜನಕ್ಕೆ 40 ಗ್ರೇ (ರೇಡಿಯೇಶನ್ ಅಳತೆ) ಡೋಸನ್ನ 15 ಸಿಟ್ಟಿಂಗಲ್ಲಿ, ಅಂದ್ರೆ 3 ವಾರದಲ್ಲಿ ಮುಗಿಸ್ತಾರೆ, ಕೆಲವರಿಗೆ ಗಡ್ಡೆ ಇದ್ದ ಜಾಗಕ್ಕೆ ಬೂಸ್ಟ್ ಅಂತ ಇನ್ನಷ್ಟು ಸೇರ್ಸ್ತಾರೆ.

ಎಡಗಡೆ ಆದ್ರೆ ಹಿಂದೇನೇ ಹೃದಯ ಇದೆಯಲ್ಲ, ಅದಕ್ಕೆ ಉಸಿರು ಹಿಡಿಯೋದು. ದೀರ್ಘವಾಗಿ ಎಳ್ಕೊಂಡಾಗ ಶ್ವಾಸಕೋಶ ತುಂಬಿ ಹೃದಯ ಎದೆಗೋಡೆಯಿಂದ ದೂರ ಸರಿಯತ್ತೆ, ಮಷೀನ್ ಆಗ ಮಾತ್ರ ಬೀಮ್, ಅಂದ್ರೆ ರೇಡಿಯೇಶನ್ ಕಿರಣ, ಬಿಡತ್ತೆ. ರೂಮಲ್ಲಿ ನಾನೊಬ್ಬಳೇ, ಸ್ಪೀಕರಲ್ಲಿ "ಎಳ್ಕೊಳ್ಳಿ ಅಕ್ಕ, ಹಿಡ್ಕೊಳ್ಳಿ... ಬಿಡಿ" ಅಂತ ಮಷೀನ್ ನಡೆಸೋ ಹುಡುಗಿ ದನಿ, ಮೊದಲ ದಿನ ಭಯಕ್ಕೆ ಭುಜ ಎಲ್ಲಾ ಬಿಗಿಯಾಗಿತ್ತು. ರಾತ್ರಿ ಮಲಗೋ ಮುಂಚೆ ಯಜಮಾನ್ರು ಫೋನಲ್ಲಿ 20 ಸೆಕೆಂಡ್ ಎಣಿಸೋರು, ನಾನು ಹಿಡಿಯೋದು, ಆಮೇಲೆ ಸುಲಭ ಆಯ್ತು. ಇದು ಎಲ್ರಿಗೂ ಬೇಕಾಗಲ್ಲ, ಆದ್ರೆ ಎಡಗಡೆಯೋರು ಡಾಕ್ಟರ ಹತ್ರ ಕೇಳ್ಲೇಬೇಕು. ಬೀಮ್ ಬೀಳುವಾಗ ನೋವಿಲ್ಲ, ಬಿಸೀನೂ ಇಲ್ಲ.

ಕಷ್ಟ ಚರ್ಮದ್ದು. ನಮ್ಮ ಕೊಡವ ಸೀರೆ ಸೆರಗು ಎಡ ಕಂಕುಳ ಕೆಳಗಿಂದ ಬಿಗಿಯಾಗಿ ಬಂದು ಬಲ ಭುಜಕ್ಕೆ ಪಿನ್ ಆಗತ್ತೆ, ಸರಿಯಾಗಿ ಕೆಂಪಾಗೋ ಜಾಗನೇ ಉಜ್ಜತ್ತೆ, ಹಾಗಾಗಿ ಮನೆಯ ಮದುವೆಗೂ ಸಡಿಲ ಕಾಟನ್ ಚೂಡಿದಾರಲ್ಲೇ ಹೋದೆ, ಯಾರೇನಂದ್ರೂ ಸರಿ. ಮಳೆಗಾಲ ಬೇರೆ, ಬಟ್ಟೆ ಒಣಗಲ್ಲ, ತೇವದ್ದು ಮಾತ್ರ ಹಾಕ್ಬೇಡಿ, ಸ್ತನದ ಕೆಳಗಿನ ಮಡಿಕೇಲೇ ಚರ್ಮ ಮೊದಲು ಬಿಡೋದು. ಉಗುರುಬೆಚ್ಚಗಿನ ನೀರು, ಮೆತ್ತಗೆ ಒತ್ತಿ ಒರೆಸೋದು, ಡಾಕ್ಟರ್ ಬರೆದ ಕ್ರೀಮ್ ಬಿಟ್ಟು ಬೇರೇನೂ ಇಲ್ಲ, ಅತ್ತೆ ಪ್ರೀತಿಯಿಂದ ಅರಿಶಿನ ಎಣ್ಣೆ ತಂದ್ರೂ ಬೇಡ ಅಂದೆ. ಮುಗಿದ ಮೇಲೂ ಒಂದೆರಡು ವಾರ ಚರ್ಮ ಇನ್ನೂ ಕೆಡತ್ತೆ, ಇದನ್ನ ಮೊದಲೇ ತಿಳ್ಕೊಂಡಿರಿ, ಇಲ್ಲಾಂದ್ರೆ ಗಾಬರಿ ಆಗತ್ತೆ.

ಮೊಮ್ಮಗುನ ಎತ್ಕೋಬಹುದಾ ಅಂತ ಎಲ್ರೂ ಕೇಳ್ತಾರೆ. ಹೊರಗಿಂದ ಕೊಡೋ ರೇಡಿಯೇಶನ್ ಮೈಯಲ್ಲಿ ಉಳಿಯಲ್ಲ, ಮಗುಗೆ ಏನೂ ಆಗಲ್ಲ, ನಾನು ಪಕ್ಕದಲ್ಲೇ ಮಲಗಿಸ್ಕೊಂಡೆ.

ಸುಸ್ತು ಮಾತ್ರ ತಿಂಗಳುಗಟ್ಟಲೆ ಇತ್ತು. ನನಗೆ ಕಂಕುಳ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ರಿಂದ ಆ ಕೈ ಊದ್ಕೊಳ್ಬಹುದು, ಅದಕ್ಕೇ ಈಗ ಕಾಫಿ ಕೊಯ್ಲಿಗೆ ತೋಟಕ್ಕೆ ಇಳಿಯುವಾಗ ಎಡಗೈಗೆ ಗ್ಲೌಸ್ ಹಾಕ್ತೀನಿ, ಗೀರು ಬಿದ್ರೆ ಕೂಡ್ಲೇ ತೊಳೀತೀನಿ. ಬಳೆ ಬಿಗಿಯಾಯ್ತು ಅನ್ಸಿದ್ರೆ ಅದು ಕೈ ಊತ ಇರ್ಬಹುದು, ಮುಂದಿನ ಚೆಕಪ್‌ವರೆಗೆ ಕಾಯ್ಬೇಡಿ, ಆವತ್ತೇ ಫೋನ್ ಮಾಡಿ.