ದಡದ ಮೇಲಿದ್ದ ದೋಣಿಯಲ್ಲಿ ಏಸಿ ಪರೀಕ್ಷೆ: ನನ್ನ ಅನುಭವ

ಅಮೆರಿಕದ ಚೆಸಪೀಕ್ ಕೊಲ್ಲಿಯ ಅನ್ನಾಪೊಲಿಸ್‌ನಲ್ಲಿ ನಮ್ಮ 34 ಅಡಿಯ ಹಾಯಿದೋಣಿ ಇದೆ. ಚಳಿಗಾಲದಲ್ಲಿ ಅದನ್ನು ಮೇಲೆತ್ತಿಸಿ ಯಾರ್ಡಿನಲ್ಲಿ ಉಕ್ಕಿನ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸುತ್ತೇವೆ. ಏಪ್ರಿಲ್‌ನಲ್ಲಿ ನೀರಿಗಿಳಿಸುವ ಮುನ್ನ 16,000 ಬಿಟಿಯು (ಗಂಟೆಗೆ ಹೊರತೆಗೆಯುವ ಬಿಸಿಯ ಅಳತೆ) ಸಾಮರ್ಥ್ಯದ ಏಸಿಯನ್ನು ದಡದಲ್ಲಿಯೇ ಪರೀಕ್ಷಿಸುತ್ತೇನೆ. ಏನಾದರೂ ಕೆಟ್ಟಿದ್ದರೆ ಬಿಚ್ಚಿ ಸರಿಪಡಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಮನೆಯ ಏಸಿ ತನ್ನ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟರೆ ನಮ್ಮ ದೋಣಿಯ ಏಸಿ ನೀರಿಗೆ ಬಿಡುತ್ತದೆ. ತಳದ ಸೀಕಾಕ್ ಕವಾಟದಿಂದ ಒಳಬಂದ ನೀರು ಸ್ಟ್ರೈನರಿನಲ್ಲಿ ಸೋಸಿಕೊಂಡು, ಪಂಪಿನಿಂದ, ಏಸಿಯ ಬಿಸಿಯನ್ನು ನೀರಿಗೆ ದಾಟಿಸುವ ಕಂಡೆನ್ಸರಿನ ಸುರುಳಿಗೆ ಹೋಗಿ, ದೋಣಿಯ ಪಕ್ಕದ ರಂಧ್ರದಿಂದ ಹೊರಬೀಳುತ್ತದೆ. ಈ ಸೆಂಟ್ರಿಫ್ಯೂಗಲ್ ಪಂಪಿಗೆ ಕೆಳಗಿನಿಂದ ನೀರನ್ನು ಎಳೆದುಕೊಳ್ಳುವ ಶಕ್ತಿಯಿಲ್ಲ. ನೀರಿಲ್ಲದೆ ತಿರುಗಿದರೆ ಅದು ಹಾಳಾಗುತ್ತದೆ.

ಮೊದಲ ವರ್ಷ ನಾನು ಯಾರ್ಡಿನ ನಲ್ಲಿಯ ಪೈಪನ್ನು ನೇರವಾಗಿ ಸ್ಟ್ರೈನರಿಗೆ ಜೋಡಿಸಿದ್ದೆ. ತಂಪು ಚೆನ್ನಾಗಿಯೇ ಬಂದಿತು. ಆದರೆ ಜುಲೈನಲ್ಲಿ, ಸೆಕೆ ತಡೆಯಲಾಗದ ದಿನಗಳಲ್ಲಿಯೇ, ಏಸಿಯೊಳಗಿನ ಅನಿಲದ ಒತ್ತಡ ಮಿತಿಮೀರಿ ಕಂಪ್ರೆಸರ್ ಮತ್ತೆ ಮತ್ತೆ ನಿಲ್ಲತೊಡಗಿತು. ನಲ್ಲಿಯ ನೀರು ತನ್ನ ಒತ್ತಡದಿಂದಲೇ ನುಗ್ಗಿದ್ದರಿಂದ ದಾರಿಯಲ್ಲಿದ್ದ ತಡೆ ನನ್ನ ಗಮನಕ್ಕೆ ಬಂದಿರಲಿಲ್ಲ. ಕೊಲ್ಲಿಯಲ್ಲಿ ಸಿಗುವಂತೆ, ಒತ್ತಡವಿಲ್ಲದ ನೀರನ್ನು ಕೊಟ್ಟು ನೋಡಿದರೆ ಮಾತ್ರ ಅದು ಪರೀಕ್ಷೆ ಎಂಬುದು ಆಗ ತಿಳಿಯಿತು.

ಮರುವರ್ಷ ಒಂದು ಡ್ರಮ್ ತಂದೆ. ಸೀಕಾಕ್ ಮುಚ್ಚಿ, ಅದರಿಂದ ಸ್ಟ್ರೈನರಿಗೆ ಹೋಗುವ ಹೋಸನ್ನು ಬಿಚ್ಚಿ, ಆ ಜಾಗಕ್ಕೆ ಡ್ರಮ್ಮಿನ ಬುಡದಿಂದ ಬಂದ ಹೋಸನ್ನು ಕ್ಲಾಂಪಿನಿಂದ ಬಿಗಿದೆ. ದೋಣಿ ತೇಲುವಾಗ ಹೊರಗಿನ ನೀರು ಎಷ್ಟು ಎತ್ತರಕ್ಕಿರುತ್ತದೆಯೋ ಸರಿಸುಮಾರು ಅಷ್ಟೇ ಎತ್ತರದಲ್ಲಿ ಡ್ರಮ್ಮಿನ ನೀರು ನಿಲ್ಲುವಂತೆ ಅದನ್ನು ಕ್ಯಾಬಿನ್ನಿನ ನೆಲದ ಮೇಲಿಟ್ಟೆ. ಹೊರಬಿದ್ದ ನೀರನ್ನೇ ಬಕೆಟ್ಟಿಗೆ ಹಿಡಿದು ಮತ್ತೆ ಸುತ್ತಿಸುವವರಿದ್ದಾರೆ. ಆದರೆ ಈ ಏಸಿ ಕ್ಯಾಬಿನ್ನಿನಿಂದ ಹೀರುವ ಬಿಸಿಗೆ ಕಂಪ್ರೆಸರಿನದೂ ಸೇರಿ ಸುಮಾರು 6 ಕಿಲೋವ್ಯಾಟ್ ನೀರಿಗಿಳಿಯುವುದರಿಂದ, 20 ಲೀಟರ್ ನೀರು ನಿಮಿಷಕ್ಕೆ 4 ಡಿಗ್ರಿ ಸೆಲ್ಸಿಯಸ್‌ನಂತೆ ಕಾಯುತ್ತದೆ. ಕೆಲವೇ ನಿಮಿಷಗಳಲ್ಲಿ ನೀರು ತೀರಾ ಬಿಸಿಯೇರಿ, ಏಸಿಯೇ ಕೆಟ್ಟಿದೆಯೆಂದು ತಪ್ಪು ತಿಳಿಯಬಹುದು. ಹಾಗಾಗಿ ಬಳಸಿದ ನೀರನ್ನು ಹೊರಬಿಟ್ಟು, ಡ್ರಮ್ಮಿಗೆ ನಲ್ಲಿಯಿಂದ ಹೊಸ ನೀರು ಬೀಳುತ್ತಲೇ ಇರುವಂತೆ ಮಾಡಿದೆ; ಮಟ್ಟ ಇಳಿಯದಂತೆ ನಲ್ಲಿಯನ್ನು ತಿರುಗಿಸುವ ಕೆಲಸವನ್ನು ನನ್ನ ಹೆಂಡತಿ ನೋಡಿಕೊಂಡಳು. ಚಳಿಗಾಲಕ್ಕೆಂದು ಕೊಳವೆಗಳಲ್ಲಿ ತುಂಬಿದ್ದ ಗುಲಾಬಿ ಬಣ್ಣದ ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದ ದ್ರವ) ಮೊದಲು ಬರುವುದರಿಂದ, ಅದನ್ನು ನೆಲಕ್ಕೆ ಚೆಲ್ಲದೆ ಬೇರೆಯಾಗಿ ಹಿಡಿದಿಟ್ಟೆ.

ಕಂಪ್ರೆಸರ್ ಹಚ್ಚುವ ಮೊದಲು ಪಂಪೊಂದನ್ನೇ ಓಡಿಸಿ, ಹೊರಬೀಳುವ ನೀರನ್ನು 10 ಲೀಟರಿನ ಬಕೆಟ್ಟಿಗೆ ಹಿಡಿದೆ. ತುಂಬಲು 1 ನಿಮಿಷ 40 ಸೆಕೆಂಡು ಬೇಕಾಯಿತು. ಅಂದರೆ ನಿಮಿಷಕ್ಕೆ 6 ಲೀಟರ್, ಬೇಕಾದುದರ ಅರ್ಧವೂ ಇಲ್ಲ. ಪಂಪಿನ ಬಾಯಿಯಲ್ಲಿಯೇ ಹೋಸ್ ಬಿಚ್ಚಿ ಹಿಡಿದಾಗ ನೀರು ರಭಸವಾಗಿ ಬಂದಿತು, ಹಾಗಾಗಿ ದೋಷ ಮುಂದೆಯೇ ಇರಬೇಕಿತ್ತು. ಕಂಡೆನ್ಸರಿನ ಬಾಯಿಗೆ ಟಾರ್ಚ್ ಹಿಡಿದು ನೋಡಿದರೆ, ಬೆರಳು ಹೋಗಬೇಕಾದ ಕೊಳವೆಯೊಳಗೆ ಬಿಳಿಚಿದ ಗಟ್ಟಿ ಹಕ್ಕಳೆ ಕಟ್ಟಿ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು. ಫಾಸ್ಫಾರಿಕ್ ಆಮ್ಲವುಳ್ಳ, ದೋಣಿಗಳಿಗೆಂದೇ ಸಿಗುವ ದ್ರಾವಣವನ್ನು ಕೈಗವಸು, ಕನ್ನಡಕ ಧರಿಸಿ ಸಣ್ಣ ಪಂಪಿನಿಂದ ಮೂರು ಗಂಟೆ ಸುತ್ತಿಸಿ, ಬಳಿಕ ಸಿಹಿನೀರಿನಿಂದ ತೊಳೆದೆ. ಆಮೇಲೆ ಅದೇ ಬಕೆಟ್ಟು 45 ಸೆಕೆಂಡಿನಲ್ಲಿ ತುಂಬಿತು.

ಏಪ್ರಿಲ್‌ನ ತಂಪಿನಲ್ಲಿ ಥರ್ಮೋಸ್ಟಾಟ್ ತಂಪನ್ನು ಬೇಡುವುದಿಲ್ಲವಾದ್ದರಿಂದ, ಮೊದಲು ಹೀಟರ್ ಇಟ್ಟು ಕ್ಯಾಬಿನ್ನನ್ನು ಬೆಚ್ಚಗೆ ಮಾಡಿ ಏಸಿ ಹಚ್ಚಿದೆ. ಹದಿನೈದು ನಿಮಿಷದ ನಂತರ ಒಳಹೋಗುವ ಗಾಳಿ 26 ಡಿಗ್ರಿ, ಹೊರಬರುವ ಗಾಳಿ 15 ಡಿಗ್ರಿ. ನೀರು ಒಳಹೋಗುವುದಕ್ಕಿಂತ 6 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಬೀಳುತ್ತಿತ್ತು. 115 ವೋಲ್ಟಿನಲ್ಲಿ, ತಂತಿಯ ಸುತ್ತ ಹಿಡಿದು ವಿದ್ಯುತ್ ಅಳೆಯುವ ಕ್ಲಾಂಪ್ ಮೀಟರ್ 12 ಆಂಪಿಯರ್ ತೋರಿಸಿತು. ಏಸಿ ಸರಿಯಾಗಿದೆಯೆಂದು ಇವುಗಳಿಂದ ತಿಳಿಯಿತು.

ಕೊನೆಗೆ ಡ್ರಮ್ಮಿನ ಹೋಸ್ ತೆಗೆದು ಹಳೆಯದನ್ನು ಎರಡೆರಡು ಕ್ಲಾಂಪುಗಳಿಂದ ಬಿಗಿದೆ. ದೋಣಿಯನ್ನು ನೀರಿಗಿಳಿಸಿದ ದಿನ, ಕ್ರೇನಿನ ಪಟ್ಟಿಗಳು ಇನ್ನೂ ಅದನ್ನು ಹಿಡಿದಿರುವಾಗಲೇ ಸೀಕಾಕ್ ತೆರೆದು, ಆ ಜೋಡಣೆಯ ಸುತ್ತ ಒಣ ಕಾಗದ ಒತ್ತಿ ನೋಡಿ, ಅದು ಒದ್ದೆಯಾಗದಿದ್ದ ಮೇಲೆಯೇ ಪಟ್ಟಿ ಸಡಿಲಿಸಲು ಹೇಳಿದೆ.