ಸನ್ಯಾಸಿ ಏಡಿ ಶಂಖ ಬದಲಿಸುವುದನ್ನು ನೋಡಬೇಕಾ? ಹೀಗೆ ಮಾಡಿ

ಶಂಖ ಹೊತ್ತುಕೊಂಡು ಓಡುವ ಸನ್ಯಾಸಿ ಏಡಿಯನ್ನು ಬೀಚಿಗೆ ಹೋದವರೆಲ್ಲ ನೋಡಿರುತ್ತಾರೆ. ಅದು ಒಂದು ಶಂಖ ಬಿಟ್ಟು ಇನ್ನೊಂದಕ್ಕೆ ಹೋಗುವುದನ್ನು ನೋಡಿದವರು ಕಡಿಮೆ. ಕಷ್ಟವೇನಿಲ್ಲ, ಸ್ವಲ್ಪ ಹೊತ್ತು ಸುಮ್ನೆ ಕೂರಲು ಬರಬೇಕು ಅಷ್ಟೆ.

ಮೊದಲು ಜಾಗ. ಬರೀ ಮರಳಿಗಿಂತ ಬಂಡೆಗಳಿರುವ ಕಡೆ ಒಳ್ಳೆಯದು: ಗೋಕರ್ಣದ ಓಂ ಬೀಚ್, ಸುರತ್ಕಲ್ ಲೈಟ್‌ಹೌಸ್ ಕೆಳಗೆ, ಉಳ್ಳಾಲದ ಹತ್ತಿರ ಸೋಮೇಶ್ವರ. ಇಳಿತದಲ್ಲಿ ಬಂಡೆಗಳ ನಡುವೆ ನೀರು ನಿಂತ ಗುಂಡಿಗಳು ಸಿಗುತ್ತವೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ. ಇಳಿತದ ಸಮಯ ಮೊಬೈಲಲ್ಲೇ ಸಿಗುತ್ತದೆ, ನೀರು ಇನ್ನೂ ಇಳಿಯುತ್ತಿರುವಾಗಲೇ ಹೋಗಿ ಕೂರಿ. ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ.

ಗುಂಡಿಯಲ್ಲಿ ಶಂಖಗಳು ಕಂಡರೆ ಎಲ್ಲವೂ ಏಡಿಯಲ್ಲ. ನಿಧಾನಕ್ಕೆ ಜಾರುವುದು ಆ ಶಂಖವನ್ನು ಕಟ್ಟಿದ ಶಂಖದ ಹುಳುವೇ. ಜರ್ಕ್ ಹೊಡೆಯುತ್ತಾ ಓಡುವುದು ಏಡಿ. ನಿಮ್ಮ ನೆರಳು ಬಿದ್ದರೆ ಒಳಗೆ ಸೇರಿಕೊಳ್ಳುತ್ತದೆ, ಹಾಗಾಗಿ ಸೂರ್ಯನಿಗೆ ಬೆನ್ನು ಹಾಕಬೇಡಿ.

ಈಗ ಮುಖ್ಯ ಕೆಲಸ. ಅದೇ ದಡದಲ್ಲಿ ಬಿದ್ದಿರುವ, ಒಡೆಯದ, ತೂತಿಲ್ಲದ ಎರಡು ಮೂರು ಖಾಲಿ ಶಂಖ ಹುಡುಕಿ. ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗುಂಡಿಯಲ್ಲಿರುವ ಏಡಿಗಳ ಶಂಖಕ್ಕಿಂತ ಒಂಚೂರು ದೊಡ್ಡದಿರಲಿ. ನೀರಿನ ತಳದಲ್ಲಿ ಬಾಯಿ ಕಾಣುವ ಹಾಗೆ ಇಟ್ಟು, ಹಿಂದೆ ಸರಿದು ಕೂರಿ.

ಬಂದ ಏಡಿ ತಕ್ಷಣ ನುಗ್ಗುವುದಿಲ್ಲ. ಮೊದಲು ಹೊರಮೈ ತಡವುತ್ತದೆ. ಶಂಖವನ್ನು ಉರುಳಿಸಿ ಬಾಯಿ ತನ್ನ ಕಡೆ ತಿರುಗಿಸಿಕೊಳ್ಳುತ್ತದೆ. ಮುಂಗಾಲಿನ ಕೊಂಡಿಯನ್ನು ಒಳಗೆ ತೂರಿಸಿ ಎಷ್ಟು ಆಳ ಇದೆ ನೋಡುತ್ತದೆ, ಮರಳಿದ್ದರೆ ಹೊರಗೆ ಎಳೆದು ಹಾಕುತ್ತದೆ. ಬಾಡಿಗೆ ಮನೆ ನೋಡಲು ಬಂದವರು ಎಲ್ಲ ನಲ್ಲಿ ತಿರುಗಿಸಿ ನೋಡುತ್ತಾರಲ್ಲ, ಥೇಟ್ ಹಾಗೆ. ಒಪ್ಪಿಗೆಯಾದರೆ ಹೊಟ್ಟೆಯ ಭಾಗವನ್ನು ಸರಕ್ಕನೆ ಹೊಸದಕ್ಕೆ ಸೇರಿಸಿಬಿಡುತ್ತದೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಆ ಒಂದು ಕ್ಷಣದಲ್ಲಿ ಕಾಣುವ ಮೆತ್ತಗಿನ, ಸುರುಳಿ ಸುತ್ತಿದ ಹೊಟ್ಟೆಯೇ ಈ ಎಲ್ಲ ಒದ್ದಾಟಕ್ಕೆ ಕಾರಣ. ಅದಕ್ಕೆ ಸ್ವಂತ ಗಟ್ಟಿ ಚಿಪ್ಪಿಲ್ಲ, ಶಂಖ ಕಟ್ಟಲೂ ಬರುವುದಿಲ್ಲ. ಏಡಿ ಬೆಳೆಯುತ್ತದೆ, ಶಂಖ ಬೆಳೆಯುವುದಿಲ್ಲ. ಇಕ್ಕಟ್ಟಿನ ಶಂಖದಲ್ಲಿದ್ದರೆ ಬೆಳವಣಿಗೆಯೂ ಕುಂಠಿತ, ಹೆಣ್ಣಿಗೆ ಮೊಟ್ಟೆ ಹೊರಲು ಜಾಗವೂ ಕಡಿಮೆ.

ಎದ್ದು ಹೋಗಬೇಡಿ, ಬಿಟ್ಟುಹೋದ ಹಳೆ ಶಂಖದ ಮೇಲೆ ಕಣ್ಣಿಡಿ. ಅದಕ್ಕಿಂತ ಚಿಕ್ಕದರಲ್ಲಿರುವ ಇನ್ನೊಂದು ಬಂದು ಸೇರಿಕೊಳ್ಳಬಹುದು, ಅದರದ್ದನ್ನು ಮತ್ತೊಂದು. ಕೆರಿಬಿಯನ್ ದ್ವೀಪಗಳಲ್ಲಿ ನೆಲದ ಮೇಲೆ ಬದುಕುವ ಜಾತಿಯಂತೂ ಒಮ್ಮೊಮ್ಮೆ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಒಂದನ್ನೊಂದು ಹಿಡಿದು ಕಾಯುತ್ತದೆ. ಮೊದಲನೆಯದು ಹೊಸ ಶಂಖಕ್ಕೆ ಹೋಯಿತೋ, ಹಿಂದಿನವೆಲ್ಲ ಸರಸರ ಒಂದೊಂದು ಹೆಜ್ಜೆ ಮುಂದೆ.

ಎಲ್ಲವೂ ಇಷ್ಟು ಶಾಂತವಾಗಿ ನಡೆಯುವುದಿಲ್ಲ ಅನ್ನಿ. ಎರಡು ಏಡಿ ತಬ್ಬಿಕೊಂಡ ಹಾಗೆ ಕಂಡರೆ ಹತ್ತಿರದಿಂದ ನೋಡಿ, ಜಗಳ ಇರಬಹುದು. ಯುರೋಪಿನ ದಡದಲ್ಲಿರುವ ಪಗುರಸ್ ಬರ್ನ್‌ಹಾರ್ಡಸ್ ಎಂಬ ಜಾತಿಯ ಮೇಲೆ ರಾಬರ್ಟ್ ಎಲ್ವುಡ್, ಮಾರ್ಕ್ ಬ್ರಿಫಾ ಮುಂತಾದ ಸಂಶೋಧಕರು ಇದನ್ನು ಚೆನ್ನಾಗಿ ಗಮನಿಸಿದ್ದಾರೆ. ಮೇಲೆ ಬಿದ್ದದ್ದು ತನ್ನ ಶಂಖವನ್ನು ಎದುರಾಳಿಯ ಶಂಖಕ್ಕೆ ಟಕಟಕ ಬಡಿಯುತ್ತದೆ, ಸ್ವಲ್ಪ ನಿಲ್ಲಿಸುತ್ತದೆ, ಮತ್ತೆ ಬಡಿಯುತ್ತದೆ. ಜೋರಾಗಿ, ಜಾಸ್ತಿ ಬಿಡುವು ಕೊಡದೆ ಬಡಿದದ್ದೇ ಗೆಲ್ಲುವ ಸಾಧ್ಯತೆ ಹೆಚ್ಚು. ಒಳಗಿನದು ಸೋತು ಹಿಡಿತ ಸಡಿಲಿಸಿದರೆ ಎಳೆದು ಹೊರಗೆ. ಪಾಪ, ಗೆದ್ದದ್ದು ಎರಡೂ ಶಂಖ ನೋಡಿ ತೀರ್ಮಾನಿಸುವವರೆಗೆ ಅದು ಬರಿಮೈಯಲ್ಲೇ ಕಾದು, ಉಳಿದದ್ದರಲ್ಲಿ ಸೇರಬೇಕು.

ನೀವು ಮಾತ್ರ ಯಾವ ಏಡಿಯನ್ನೂ ಶಂಖದಿಂದ ಎಳೆಯಬೇಡಿ. ಹೊಟ್ಟೆಯ ತುದಿಯಿಂದ ಶಂಖದ ಒಳಕಂಬವನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಅಂದರೆ ಮೈ ಹರಿದರೂ ಬಿಡದಿರಬಹುದು. ಚೆಂದ ಇದೆ ಅಂತ ಖಾಲಿ ಶಂಖ ಚೀಲಕ್ಕೆ ತುಂಬಿಕೊಳ್ಳುವುದೂ ಬೇಡ, ಗುಂಡಿಯಲ್ಲಿಟ್ಟದ್ದನ್ನು ಅಲ್ಲೇ ಬಿಟ್ಟು ಬನ್ನಿ. ಕೈಯಲ್ಲಿ ಹಿಡಿಯುವ ಆಸೆಯಿದ್ದರೆ ಅಂಗೈ ಒದ್ದೆ ಮಾಡಿ, ನೀರಿಗೆ ಹತ್ತಿರವೇ ಹಿಡಿಯಿರಿ. ಕಚ್ಚಿ ಹಿಡಿದರೆ ಕೈ ಕೊಡವಬೇಡಿ. ನೀರಿಗೆ ಇಳಿಸಿ ಸುಮ್ಮನಿರಿ, ತಾನೇ ಬಿಡುತ್ತದೆ.