ಬಾಗಿನ ಬೇರೆ, ಪಾಲು ಬೇರೆ

ಈ ಪಾಲಿನ ಕೇಸು ನನ್ನ ಮುಂದೆ ಬರುವ ಹೊತ್ತಿಗೆ ಕೋರ್ಟಿನಲ್ಲಿ ನಾಲ್ಕು ವರ್ಷ ಕಳೆದಿತ್ತು. ಇಬ್ಬರು ಅಣ್ಣಂದಿರು, ಒಬ್ಬ ತಂಗಿ, 2 ಎಕರೆ 10 ಗುಂಟೆ ಪಿತ್ರಾರ್ಜಿತ ಜಮೀನು. ಅಪ್ಪ ಅಮ್ಮ ಇಬ್ಬರೂ ಇಲ್ಲ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಹಾಗಾಗಿ ಯಾರ ಗುರುತೂ ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ನಾನು ವಕೀಲ. 40 ಗಂಟೆಯ ತರಬೇತಿ ಮುಗಿಸಿ, 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂರುತ್ತೇನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 89ನೇ ಕಲಮಿನ ಪ್ರಕಾರ ಕೋರ್ಟೇ ಕೇಸು ಕಳಿಸುತ್ತದೆ. ಇಲ್ಲಿ ನಾನು ತೀರ್ಪು ಕೊಡುವ ಹಾಗಿಲ್ಲ. ಮೊದಮೊದಲು ಅದೇ ಜಾಸ್ತಿ ಕಷ್ಟವಾಗುತ್ತಿತ್ತು, ಫೈಲು ಓದಿದ ಐದೇ ನಿಮಿಷಕ್ಕೆ ಯಾರದು ಸರಿ ಅಂತ ಹೇಳಿಬಿಡೋಣ ಅನಿಸುತ್ತಿತ್ತು.

ಮೊದಲ ದಿನ ಎಲ್ಲರನ್ನೂ ಒಟ್ಟಿಗೆ ಕೂರಿಸಿದೆ. ಪಹಣಿ, ಬದು, ಬೋರ್‌ವೆಲ್‌ಗೆ ದುಡ್ಡು ಹಾಕಿದ್ದು ಯಾರು, ಇದೇ ಮಾತು. ಆಮೇಲೆ ತಂಗಿಯನ್ನು ಒಬ್ಬರನ್ನೇ ಕೂರಿಸಿ ಮಾತಾಡಿದೆ. ತುಂಬಾ ಹೊತ್ತು ಸುಮ್ಮನಿದ್ದು ಸೆರಗಿನ ತುದಿ ಸುತ್ತುತ್ತಾ ಹೇಳಿದರು: "ಅಮ್ಮ ಹೋದ ಮೇಲೆ ಗೌರಿ ಹಬ್ಬಕ್ಕೆ ಒಂದು ಬಾಗಿನ ಬರಲಿಲ್ಲ ಸಾರ್. ಅಕ್ಕಪಕ್ಕದವರಿಗೆಲ್ಲ ತವರಿಂದ ಬರೋದು, ನಾನು ಬಾಗಿಲು ಹಾಕ್ಕೊಂಡು ಕೂರ್ತಿದ್ದೆ." ನಾಲ್ಕು ವರ್ಷದ ಫೈಲಿನಲ್ಲಿ ಇದು ಎಲ್ಲೂ ಇರಲಿಲ್ಲ.

ಇದನ್ನು ಅಣ್ಣಂದಿರಿಗೆ ಹೇಳಲಾ ಅಂತ ಕೇಳಿದೆ. ತಂಗಿ ಒಪ್ಪದಿದ್ದರೆ ಹೇಳುವಂತಿಲ್ಲ. ಒಪ್ಪಿದರು. ದೊಡ್ಡಣ್ಣ ತಲೆ ತಗ್ಗಿಸಿದರು. "ಅದೆಲ್ಲ ಅಮ್ಮನೇ ನೋಡ್ಕೋತಿದ್ಲು, ನಮಗೆ ಹೊಳೀಲೇ ಇಲ್ಲ" ಅಂದರು. ಮರುಕ್ಷಣವೇ ಚಿಕ್ಕಣ್ಣ, "ಇನ್ಮೇಲೆ ವರ್ಷ ವರ್ಷ ಕಳಿಸ್ತೀವಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕ್ಲಿ" ಅಂದರು.

ನಾನು ತುಂಬಾ ಎಚ್ಚರವಾಗಿರುವುದು ಇಂಥ ಕಡೆ. ಕಣ್ಣೀರು ಬಂದ ಹೊತ್ತಿನಲ್ಲಿ ಹೆಣ್ಣುಮಕ್ಕಳ ಪಾಲು ಸುಲಭವಾಗಿ ಕರಗಿಹೋಗುತ್ತದೆ. ಬೈಯಲಿಲ್ಲ, ಕಾನೂನು ಪಾಠವನ್ನೂ ಮಾಡಲಿಲ್ಲ. "ಕೇಸು ಸೋತರೆ ಎಷ್ಟು ಗುಂಟೆ ಬಿಡಬೇಕಾಗುತ್ತೆ, ಹೊರಗೆ ಹೋಗಿ ನಿಮ್ಮ ವಕೀಲರನ್ನೇ ಕೇಳಿಕೊಂಡು ಬನ್ನಿ" ಅಂದೆ. ಹತ್ತು ನಿಮಿಷ ಬಿಟ್ಟು ಬಂದರು. 30 ಗುಂಟೆ, ಮೂರರಲ್ಲಿ ಒಂದು ಪಾಲು. ಆಮೇಲೆ ಬಿಡುಗಡೆ ಪತ್ರದ ಮಾತು ಬರಲಿಲ್ಲ.

ಇನ್ನೂ ಮೂರು ಸಲ ಕೂತೆವು. ರಸ್ತೆ ಬದಿಯ 15 ಗುಂಟೆ ತಂಗಿಗೆ, ಉಳಿದ 15 ಗುಂಟೆಗೆ ಎರಡು ಕಂತಿನಲ್ಲಿ ದುಡ್ಡು. ಯಾವ ತಾರೀಖಿಗೆ, ಕಂತು ತಪ್ಪಿದರೆ ಏನು, ಜಮೀನು ಭಾಗ ಮಾಡಲು ಬೇಕಾದ 11ಇ ಸರ್ವೆ ನಕ್ಷೆಗೆ ಅರ್ಜಿ ಯಾರು ಹಾಕಬೇಕು, ಎಲ್ಲ ಕನ್ನಡದಲ್ಲೇ ಬರೆದು ಗಟ್ಟಿಯಾಗಿ ಓದಿಸಿದೆ. ದೊಡ್ಡಣ್ಣ ಬಾಗಿನವನ್ನೂ ಬರೆಸಿ ಅಂದರು. ತಂಗಿ ಬೇಡ ಅಂದರು. "ಬರೆಸಿಕೊಂಡು ತಗೊಳೋದಾ ಅಣ್ಣ ಅದನ್ನ?"

ಮುಂದಿನ ವಾಯಿದೆಗೆ ಜಡ್ಜ್ ಮುಂದೆ ಮೂವರೂ ಒಪ್ಪಿಗೆ ಅಂದರು, ಅದರ ಪ್ರಕಾರವೇ ಡಿಕ್ರಿ ಆಯಿತು.